ರಗ್ಬಿ ಕ್ಲಬ್‌ಗೆ ಸ್ಪಾನ್ಸರ್: ಪಕ್ಕದ ದರ್ಶಿನಿಯೋ, ದೊಡ್ಡ ಕಂಪನಿಯೋ?

ಭಾನುವಾರ ಬೆಳಿಗ್ಗೆ ಆರೂವರೆಗೆ ನಮ್ಮ ಮೈದಾನಕ್ಕೆ ಬಂದರೆ 45-50 ಜನ ಸಿಗುತ್ತಾರೆ. ಕಾಲೇಜು ಹುಡುಗರು, ಐಟಿ ಕೆಲಸದವರು, ಆಟೋ ಓಡಿಸುವವರೊಬ್ಬರು, 14 ಹೆಣ್ಣುಮಕ್ಕಳ ಒಂದು ಟೀಮ್, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು. ಬೆಂಗಳೂರಿನ ಒಂದು ಮೂಲೆಯ ಹವ್ಯಾಸಿ ರಗ್ಬಿ ಕ್ಲಬ್ ನಮ್ಮದು. ಇಲ್ಲಿ ಯಾರಿಗೂ ಸಂಬಳ ಇಲ್ಲ, ಕೋಚ್‌ಗೂ ಇಲ್ಲ. ಆದರೆ ಚೆಂಡು ಬೇಕು, ಜರ್ಸಿ ಬೇಕು, ಮ್ಯಾಚ್ ದಿನ ಆಂಬ್ಯುಲೆನ್ಸ್ ನಿಲ್ಲಿಸಬೇಕು, ಹೊರಗಿನ ಟೂರ್ನಮೆಂಟಿಗೆ ರೈಲು ಟಿಕೆಟ್ ತೆಗೆಸಬೇಕು.

6 ವರ್ಷದಿಂದ ಸ್ಪಾನ್ಸರ್ ಹುಡುಕುವ ಕೆಲಸ ನನ್ನದು. ದೊಡ್ಡ ಕಂಪನಿಯ ಎಸಿ ರಿಸೆಪ್ಶನ್‌ನಲ್ಲಿ ಕಾದಿದ್ದೇನೆ. ಹಾರ್ಡ್‌ವೇರ್ ಅಂಗಡಿಯ ಮುಂದೆ ಸಿಮೆಂಟ್ ಚೀಲದ ಮೇಲೂ ಕೂತು ಕಾದಿದ್ದೇನೆ. ಈಗ ಹೊಸ ಕ್ಲಬ್ ಕಟ್ಟುವ ಹುಡುಗರು ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ: "ಅಣ್ಣ, ಮೊದಲು ಯಾರ ಹತ್ತಿರ ಹೋಗೋಣ?"

ನನ್ನ ಉತ್ತರ ಇಷ್ಟೇ. ನಿಮ್ಮ ಆಟಗಾರರು ಈಗಾಗಲೇ ಯಾವ ಅಂಗಡಿಯಲ್ಲಿ ದುಡ್ಡು ಕೊಡುತ್ತಿದ್ದಾರೋ ಅಲ್ಲಿಗೆ ಹೋಗಿ. ಬೇರೆ ದಾರಿಗಳೂ ಇವೆ. ಅವನ್ನೂ ಒಂದೊಂದಾಗಿ ಇದರ ಪಕ್ಕ ಇಟ್ಟು ನೋಡೋಣ.

ಗಲ್ಲಾ ಮುಂದೆ ನಡೆದದ್ದು

ಮೈದಾನದಿಂದ ಎರಡು ರಸ್ತೆ ಆಚೆ ಒಂದು ದರ್ಶಿನಿ ಇದೆ. ಮೊದಲ ವರ್ಷ ನಾನು ಮತ್ತು ನಮ್ಮ ಹೆಣ್ಣುಮಕ್ಕಳ ಟೀಮಿನ ಕ್ಯಾಪ್ಟನ್ ಬೆಳಿಗ್ಗೆ 11 ಗಂಟೆಗೆ ಅಲ್ಲಿಗೆ ಹೋದೆವು. ತಿಂಡಿಯ ನೂಕುನುಗ್ಗಲು ಮುಗಿದು ಊಟ ಶುರುವಾಗುವ ಮೊದಲಿನ ಹೊತ್ತು ಅದು. ಮಾಲೀಕರು ಗಲ್ಲಾ ಮೇಲೆ ಕೂತು ಚಿಲ್ಲರೆ ಎಣಿಸುತ್ತಿದ್ದರು. ನಮ್ಮ ಕೈಲಿದ್ದ ಫೈಲ್ ನೋಡಿದರು. ಒಂದು ಮಾತೂ ಕೇಳದೆ ಡ್ರಾ ಎಳೆದು ನೂರರ ನೋಟು, ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಮುಂದೆ ತಳ್ಳಿದರು. "ಯಾವ ಸಂಘ? ಗಣೇಶನಿಗಾ?"

ಬೆಂಗಳೂರಿನ ಅಂಗಡಿಯವರ ಕಷ್ಟ ಇದು. ಗಣೇಶ ಹಬ್ಬಕ್ಕೆ ಒಂದು ರಸೀದಿ ಪುಸ್ತಕ ಬರುತ್ತದೆ, ರಾಜ್ಯೋತ್ಸವಕ್ಕೆ ಎರಡು, ರಾಮನವಮಿಗೆ ಇನ್ನೊಂದು. ಅವರು ಕೊಡುವುದು ಮುಲಾಜಿಗೆ. ಯಾರು ಬಂದರು, ಏನು ಮಾಡುತ್ತಾರೆ ಅಂತ ಮುಖ ಎತ್ತಿ ನೋಡುವಷ್ಟೂ ಪುರುಸೊತ್ತು ಇರುವುದಿಲ್ಲ. ಆ 101 ರೂಪಾಯಿ ತೆಗೆದುಕೊಂಡರೆ ನೀವು ಚಂದಾದವರು. ಮುಂದಿನ ವರ್ಷವೂ ಅದೇ 101.

ನಮ್ಮ ಕ್ಯಾಪ್ಟನ್ ಬ್ಯಾಗಿನಿಂದ ಚೆಂಡು ತೆಗೆದು ಗಲ್ಲಾ ಮೇಲೆ ಇಟ್ಟಳು. ಅವರು ಅದನ್ನು ಎರಡೂ ಕೈಲಿ ಹಿಡಿದು ತಿರುಗಿಸಿದರು. "ಇದೇನಮ್ಮಾ, ಎಳೇ ಹಲಸಿನಕಾಯಿ ಥರ ಇದೆ!"

"ಸರ್, ಭಾನುವಾರ ಒಂಬತ್ತು ಗಂಟೆಗೆ ಮೈಯೆಲ್ಲಾ ಮಣ್ಣು ಮಾಡ್ಕೊಂಡು ಬಂದು ಇಡ್ಲಿ-ವಡೆ ತಿನ್ನೋರು ಗೊತ್ತಲ್ಲ?"

"ಹೊರಗೇ ನಿಂತು ತಿನ್ನೋ ಹುಡುಗರಾ?"

"ನಾವೇ ಸರ್ ಅದು."

ಅವರು ನಕ್ಕರು. ನೋಟು ವಾಪಸ್ ಡ್ರಾಗೆ ಹೋಯಿತು. ಒಳಗೆ ತಿರುಗಿ "ಎರಡು ಕಾಫಿ ಕೊಡೋ" ಅಂದರು. ನಾವು ಹೋಗುವ ಮೊದಲು 8 ಭಾನುವಾರ ಲೆಕ್ಕ ಇಟ್ಟಿದ್ದೆವು. ಅಭ್ಯಾಸ ಮುಗಿಸಿ ಅಲ್ಲಿಗೆ ಹೋಗುವವರು ಸರಾಸರಿ 30 ಜನ, ಒಬ್ಬೊಬ್ಬರ ಬಿಲ್ಲು ಸುಮಾರು 80 ರೂಪಾಯಿ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದ ಆ ಲೆಕ್ಕವನ್ನು ಅವರು ಎರಡು ಸಲ ಓದಿದರು. ಹೋಮ್ ಮ್ಯಾಚ್ ದಿನ ಎರಡೂ ಟೀಮಿಗೆ ತಿಂಡಿ, ಜೊತೆಗೆ ಹೆಣ್ಣುಮಕ್ಕಳ ಜರ್ಸಿಗೆ 10,000 ರೂಪಾಯಿ. ಅಷ್ಟಕ್ಕೆ ಒಪ್ಪಿದರು.

ಇಲ್ಲಿ ಕೆಲಸ ಮಾಡಿದ್ದು ಆ ಹಾಳೆ. ನಾವು ಸಹಾಯ ಕೇಳಲು ಬಂದವರಲ್ಲ, ಅವರ ಗಿರಾಕಿಗಳು ಅಂತ ಅದರಿಂದ ಗೊತ್ತಾಯಿತು.

ಒಬ್ಬರೇ ದೊಡ್ಡವರೋ, ಹತ್ತು ಜನ ಸಣ್ಣವರೋ?

ಒಬ್ಬರೇ ಸ್ಪಾನ್ಸರ್ ಇದ್ದರೆ ಕೆಲಸ ಸಲೀಸು. ಒಂದು ಮೀಟಿಂಗ್, ಒಂದು ಚೆಕ್, ಜರ್ಸಿ ಮೇಲೆ ಒಂದೇ ಹೆಸರು. ನೋಡುವುದಕ್ಕೂ ಚೆನ್ನ. ಮೂರನೇ ವರ್ಷ ನಮಗೂ ಅಂಥವರು ಸಿಕ್ಕಿದರು. ಒಂದು ಜಿಮ್‌ನವರು ಇಡೀ ಸೀಸನ್‌ಗೆ ಒಂದೂವರೆ ಲಕ್ಷ ಕೊಡುತ್ತೇವೆ ಅಂದರು. ಅರ್ಧ ಮುಂಗಡ, ಅರ್ಧ ಸೀಸನ್ ನಡುವೆ. ನಾವು ಖುಷಿಯಲ್ಲಿ 50 ಜರ್ಸಿ ಅವರ ಹೆಸರಲ್ಲೇ ಪ್ರಿಂಟ್ ಹಾಕಿಸಿದೆವು. ಬೇರೆ ಅಂಗಡಿಯವರನ್ನು ಆ ವರ್ಷ ಮಾತಾಡಿಸಲೇ ಇಲ್ಲ. ನಾಲ್ಕು ತಿಂಗಳಿಗೆ ಆ ಜಿಮ್ ಬಾಗಿಲು ಹಾಕಿತು. ಉಳಿದ ಅರ್ಧ ಬರಲಿಲ್ಲ. ಟೂರ್ನಮೆಂಟಿಗೆ ಹೊರಟ ಹುಡುಗರು ರೈಲಿನ ದುಡ್ಡನ್ನು ತಾವೇ ಹಾಕಿಕೊಂಡರು. ಹಾಕಲು ಆಗದ ಇಬ್ಬರು ಮನೆಯಲ್ಲೇ ಉಳಿದರು. ಆ ಇಬ್ಬರ ಮುಖ ನನಗೆ ಇನ್ನೂ ನೆನಪಿದೆ.

ದೊಡ್ಡ ಮಟ್ಟದಲ್ಲೂ ಇದು ಆಗುತ್ತದೆ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ಭಾರತ ಕ್ರಿಕೆಟ್ ತಂಡದ ಜರ್ಸಿಯಿಂದ ಅಂಥ ಆಟ ನಡೆಸುತ್ತಿದ್ದ ಡ್ರೀಮ್11 ಹೆಸರು ಹೋಯಿತು. ಸೆಪ್ಟೆಂಬರ್‌ನ ಏಷ್ಯಾ ಕಪ್ಪನ್ನು ತಂಡ ಸ್ಪಾನ್ಸರ್ ಹೆಸರಿಲ್ಲದೆಯೇ ಆಡಿತು. ಅಷ್ಟರಲ್ಲೇ ಅಪೊಲೊ ಟೈರ್ಸ್ ಬಂತು. ಕ್ರಿಕೆಟ್ ಮಂಡಳಿಗೆ ಕೆಲವೇ ವಾರದಲ್ಲಿ ಇನ್ನೊಬ್ಬರು ಸಿಕ್ಕರು. ಬಡಾವಣೆಯ ರಗ್ಬಿ ಕ್ಲಬ್‌ಗೆ ಸೀಸನ್ ಮಧ್ಯೆ ಯಾರೂ ಸಿಗುವುದಿಲ್ಲ.

ಅದಾದ ಮೇಲೆ ನಾವೊಂದು ನಿಯಮ ಮಾಡಿಕೊಂಡೆವು: ವರ್ಷದ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಬ್ಬರಿಂದ ಬರಬಾರದು. ಈಗ ನಮಗೆ 9 ಜನ ಸ್ಪಾನ್ಸರ್ ಇದ್ದಾರೆ. 5,000 ಕೊಡುವ ಸ್ಟೇಷನರಿ ಅಂಗಡಿಯವರಿಂದ ಹಿಡಿದು 40,000 ಕೊಡುವ ಸಣ್ಣ ಕಾರ್ಖಾನೆಯವರ ತನಕ. ಒಬ್ಬರು ಬಿಟ್ಟುಹೋದರೆ ನೋವಾಗುತ್ತದೆ, ಕ್ಲಬ್ ನಿಲ್ಲುವುದಿಲ್ಲ.

ಇದಕ್ಕೆ ಓಡಾಟ ಜಾಸ್ತಿ, ನಿಜ. 9 ಜನ ಒಪ್ಪಬೇಕಾದರೆ 30-35 ಬಾಗಿಲು ತಟ್ಟಬೇಕು. ಒಬ್ಬರಿಗೆ ಬೆಳಿಗ್ಗೆ ಸಿಗಬೇಕು, ಇನ್ನೊಬ್ಬರಿಗೆ ಅಂಗಡಿ ಮುಚ್ಚುವ ಹೊತ್ತಲ್ಲಿ. ಒಬ್ಬರ ಮಗಳ ಮದುವೆಗೆ ಹೋಗಬೇಕು. ಇಷ್ಟು ಓಡಾಡಲು ಕ್ಲಬ್‌ನಲ್ಲಿ ಕನಿಷ್ಠ ಇಬ್ಬರು ಇಲ್ಲದಿದ್ದರೆ ನಾಲ್ಕೇ ಜನ ಸಾಕು. ಆದರೆ ಒಬ್ಬರನ್ನೇ ನೆಚ್ಚಿಕೊಳ್ಳಬೇಡಿ.

ದುಡ್ಡೋ, ವಸ್ತುವೋ?

ಹೊಸಬರು ದುಡ್ಡನ್ನೇ ಕೇಳುತ್ತಾರೆ. ನಾನಾದರೆ ಮೊದಲ ವರ್ಷ ವಸ್ತು ಕೇಳಿ ಅನ್ನುತ್ತೇನೆ. ಕಾರಣ ಸರಳ. ದರ್ಶಿನಿಯವರಿಗೆ ಒಂದು ಪ್ಲೇಟ್ ಇಡ್ಲಿ ಬೀಳುವುದು ಅಸಲಿಗೆ. ಅದೇ ಪ್ಲೇಟನ್ನು ನಾವು ಕೊಂಡರೆ ಮಾರುವ ಬೆಲೆ ಕೊಡಬೇಕು. ಹಾಗಾಗಿ ಅವರ ಕೈಯಿಂದ ಹೋಗುವುದು ಕಮ್ಮಿ, ನಮಗೆ ಉಳಿಯುವುದು ಜಾಸ್ತಿ. ಪ್ರಿಂಟಿಂಗ್ ಪ್ರೆಸ್‌ನವರು ಪೋಸ್ಟರ್ ಹಾಕಿಕೊಟ್ಟರೆ, ಟೆಂಪೋ ಟ್ರಾವೆಲರ್ ಇಟ್ಟವರು ಗಾಡಿ ಸುಮ್ನೆ ನಿಂತಿರುವ ದಿನ ಡೀಸೆಲ್ ದುಡ್ಡಿಗೇ ಕಳಿಸಿಕೊಟ್ಟರೆ, ಅಲ್ಲೂ ಇದೇ ಲೆಕ್ಕ. "25,000 ಕೊಡಿ" ಅಂದರೆ ಯೋಚಿಸೋಣ ಅನ್ನುವವರು "ಮ್ಯಾಚ್ ದಿನ ತಿಂಡಿ ನಿಮ್ಮದು" ಅಂದರೆ ಅಲ್ಲೇ ಒಪ್ಪುತ್ತಾರೆ.

ರಗ್ಬಿಗೆ ವಸ್ತುವಿಗಿಂತ ದೊಡ್ಡದು ಸೇವೆ. ಇದು ಮೈಗೆ ಮೈ ತಾಗುವ ಆಟ. ಭುಜ, ಮಂಡಿ, ಹಿಮ್ಮಡಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಬಡಾವಣೆಯ ಒಬ್ಬ ಫಿಸಿಯೋಥೆರಪಿಸ್ಟ್ ತಿಂಗಳಿಗೆ ಎರಡು ಭಾನುವಾರ ಮೈದಾನಕ್ಕೆ ಬಂದು ನೋಡುತ್ತಾರೆ. ಅವರ ಕ್ಲಿನಿಕ್ಕಿಗೆ ಅಲ್ಲಿಂದ ಪೇಷಂಟ್‌ಗಳು ಸಿಗುತ್ತಾರೆ. ಹುಡುಗರಿಗೆ ನೋವನ್ನು ಮುಚ್ಚಿಟ್ಟುಕೊಂಡು ಆಡುವ ಚಾಳಿ ತಪ್ಪಿದೆ. ಇದಕ್ಕೆ ನಾನು ಯಾವ ಚೆಕ್ಕನ್ನೂ ಸಮ ಅನ್ನಲಾರೆ. ದುಡ್ಡಿನ ಬದಲು ಸೇವೆ ಕೇಳುವುದಾದರೆ ಯಾವ ರಗ್ಬಿ ಕ್ಲಬ್‌ಗಾದರೂ ಮೊದಲ ಬಾಗಿಲು ಫಿಸಿಯೋ ಅಥವಾ ಮೂಳೆ ಡಾಕ್ಟರರದ್ದೇ ಆಗಲಿ.

ಬೇಡದ ವಸ್ತು ಮಾತ್ರ ತೆಗೆದುಕೊಳ್ಳಬೇಡಿ. ಒಬ್ಬರು ನಮಗೆ "50 ಪರ್ಸೆಂಟ್ ಡಿಸ್ಕೌಂಟ್" ಅಂತ 200 ಕೂಪನ್ ಕೊಟ್ಟು, ಬದಲಿಗೆ ಜರ್ಸಿಯ ಎದೆ ಮೇಲೆ ಹೆಸರು ಕೇಳಿದರು. ನಮ್ಮ ಖರ್ಚಿನ ಪಟ್ಟಿಯಲ್ಲಿ ಕೂಪನ್ ಅಂತ ಒಂದು ಸಾಲು ಇಲ್ಲ. ಪಟ್ಟಿಯಲ್ಲಿರುವುದನ್ನು ಕೊಟ್ಟರೆ ಅದು ಸ್ಪಾನ್ಸರ್. ಇಲ್ಲದ್ದನ್ನು ಕೊಟ್ಟರೆ ಅವರ ಮಾಲನ್ನು ನೀವು ಪುಕ್ಕಟೆ ಮಾರಿಕೊಟ್ಟ ಹಾಗೆ.

ಹಾಗಾಗಿ ಮನೆ ಬಿಡುವ ಮೊದಲು ಆ ಪಟ್ಟಿ ಬರೆಯಿರಿ. ಇಷ್ಟು ಚೆಂಡು, ಇಷ್ಟು ಜರ್ಸಿ, ಟ್ಯಾಕಲ್ ಬ್ಯಾಗ್ (ಎದುರಾಳಿಯನ್ನು ಹಿಡಿದು ಕೆಡವುವ ಅಭ್ಯಾಸಕ್ಕೆ), ಫಸ್ಟ್ ಏಡ್ ಬಾಕ್ಸ್, ಆಂಬ್ಯುಲೆನ್ಸ್, ಪ್ರಯಾಣ, ಹಲ್ಲು ಕಾಯುವ ಮೌತ್‌ಗಾರ್ಡ್. ಒಂದೊಂದರ ಮುಂದೆ ಬೆಲೆ. ನಂತರ ಒಬ್ಬೊಬ್ಬರ ಹತ್ತಿರ ಒಂದೊಂದೇ ಸಾಲು ಕೇಳಿ. "ಕ್ಲಬ್‌ಗೆ ಏನಾದರೂ ಮಾಡಿ ಸರ್" ಅಂದರೆ 101 ಬರುತ್ತದೆ. "ಶಾಲೆ ಮಕ್ಕಳ 20 ಮೌತ್‌ಗಾರ್ಡ್ ನಿಮ್ಮ ಮೆಡಿಕಲ್ಸ್ ಹೆಸರಲ್ಲಿ ಕೊಡೋಣ" ಅಂದರೆ ಅವರ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ.

ಇಡೀ ಸೀಸನ್ನೋ, ಒಂದು ದಿನವೋ?

ನಿಮ್ಮನ್ನು ಗೊತ್ತೇ ಇಲ್ಲದವರ ಹತ್ತಿರ ಇಡೀ ವರ್ಷ ಕೇಳಬೇಡಿ. ಒಂದು ದಿನ ಕೇಳಿ. ರಗ್ಬಿಯ ಚಿಕ್ಕ ರೂಪವಾದ ಸೆವೆನ್ಸ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಒಂದೊಂದು ಟೀಮಿಗೆ 7 ಜನ, 7 ನಿಮಿಷದ ಎರಡು ಹಾಫ್. ಒಂದು ಮ್ಯಾಚ್ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. 8 ಟೀಮಿನ ಟೂರ್ನಮೆಂಟ್ ಒಂದೇ ದಿನದಲ್ಲಿ ಆಗಿಹೋಗುತ್ತದೆ. ಕಪ್ಪು ಒಬ್ಬರದು, ನೀರು ಒಬ್ಬರದು, ಶಾಮಿಯಾನ ಒಬ್ಬರದು, ಊಟ ಒಬ್ಬರದು.

ಬ್ರಿಟನ್‌ನ ಸಣ್ಣ ರಗ್ಬಿ ಕ್ಲಬ್‌ಗಳಲ್ಲಿ ಮ್ಯಾಚ್ ಬಾಲ್ ಸ್ಪಾನ್ಸರ್ ಅಂತ ಒಂದು ಹಳೇ ಪದ್ಧತಿ ಇದೆ. ಊರಿನ ಮಾಂಸದಂಗಡಿಯವರೋ ಪ್ಲಂಬರೋ ಆ ದಿನದ ಚೆಂಡಿನ ಖರ್ಚು ಹಾಕುತ್ತಾರೆ, ಮೈಕಿನಲ್ಲಿ ಅವರ ಹೆಸರು ಹೇಳುತ್ತಾರೆ. ಅದನ್ನು ನಾವು ಇಲ್ಲಿ ಮಾಡಿ ನೋಡಿದೆವು. 2,000 ರೂಪಾಯಿಯ ಮಾತು, ಯಾರಿಗೂ ಭಾರ ಅಲ್ಲ. ಸ್ಪಾನ್ಸರ್ ಮಾಡಿದವರೇ ಬಂದು ರೆಫರಿ ಕೈಗೆ ಚೆಂಡು ಕೊಟ್ಟರು. ಎಲೆಕ್ಟ್ರಿಕಲ್ ಅಂಗಡಿಯ ಆ ಯಜಮಾನರು ಹೆಂಡತಿ, ಮೊಮ್ಮಕ್ಕಳನ್ನೂ ಕರೆದುಕೊಂಡು ಬಂದು ಇಡೀ ಮಧ್ಯಾಹ್ನ ಗೆರೆ ಪಕ್ಕ ನಿಂತರು. ಮರುವರ್ಷ ಅವರಾಗಿಯೇ ಸೀಸನ್ ಪೂರ್ತಿಯದ್ದು ಕೇಳಿದರು.

ಅಂಗಡಿಯವರನ್ನು ಮೈದಾನಕ್ಕೆ ಕರೆಸುವುದು ಇನ್ನೊಂದು ಕಾರಣಕ್ಕೂ ಬೇಕು. ರಗ್ಬಿ ಅಂದರೆ ಹೊಡೆದಾಟ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. "ಕಬಡ್ಡಿ ಹಿಡಿತ, ಫುಟ್‌ಬಾಲ್ ಮೈದಾನ, ಕೈಯಲ್ಲಿ ಚೆಂಡು, ಕೈಯಿಂದ ಪಾಸ್ ಕೊಟ್ಟರೆ ಹಿಂದಕ್ಕೆ ಮಾತ್ರ" ಅಂತ ನಾವು ಹೇಳುತ್ತೇವೆ. ಕಬಡ್ಡಿ ಅಂದ ತಕ್ಷಣ ಅವರ ಮುಖ ಸಡಿಲವಾಗುತ್ತದೆ. 2016ರ ರಿಯೊದಿಂದ ಸೆವೆನ್ಸ್ ಒಲಿಂಪಿಕ್ಸ್‌ನಲ್ಲಿದೆ, 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮೂರ ಹೆಸರಿನ ಟೀಮೇ ಇತ್ತು ಅಂತ ಸೇರಿಸಿ. ಆದರೆ ಮಾತಿಗಿಂತ ಹತ್ತು ನಿಮಿಷದ ಆಟ ಜಾಸ್ತಿ ಕೆಲಸ ಮಾಡುತ್ತದೆ. ಮ್ಯಾಚ್ ಮುಗಿದ ಮೇಲೆ ಎರಡೂ ಕಡೆಯವರು ಸಾಲಾಗಿ ನಿಂತು ಕೈ ಕುಲುಕುತ್ತಾರೆ, ಒಟ್ಟಿಗೆ ಕೂತು ತಿನ್ನುತ್ತಾರೆ. ರಗ್ಬಿಯಲ್ಲಿ ಅದಕ್ಕೆ ಮೂರನೇ ಹಾಫ್ ಅಂತಲೇ ಹೆಸರು. ನಮ್ಮ ಮೂರನೇ ಹಾಫ್ ನಡೆಯುವುದು ಆ ದರ್ಶಿನಿಯಲ್ಲೇ.

ದೊಡ್ಡ ಕಂಪನಿ ಮತ್ತು ಸಿಎಸ್‌ಆರ್

"ಬೆಂಗಳೂರಲ್ಲಿ ಇಷ್ಟೊಂದು ಕಂಪನಿ ಇವೆ, ಸಿಎಸ್‌ಆರ್ ದುಡ್ಡು ಕೇಳಬಾರದಾ?" ಅಂತ ಎಲ್ಲರೂ ಕೇಳುತ್ತಾರೆ. ಕೇಳಬಹುದು. ಆದರೆ ಸಿಎಸ್‌ಆರ್ ಅಂದರೆ ಕಂಪನಿ ತನ್ನ ಲಾಭದಲ್ಲಿ ಸಮಾಜಕ್ಕಾಗಿ ಮಾಡಬೇಕಾದ ಖರ್ಚು, ಅದರ ನಿಯಮ ಗೊತ್ತಿರಬೇಕು. ನಾನು ಗೊತ್ತಿಲ್ಲದೆ ಎರಡು ವರ್ಷ ಓಡಾಡಿದೆ.

2013ರ ಕಂಪನಿ ಕಾಯ್ದೆ ಪ್ರಕಾರ ವರ್ಷದ ನಿವ್ವಳ ಲಾಭ 5 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿಗೆ ಈ ನಿಯಮ. ಹಿಂದಿನ 3 ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಅದರ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಇದೆ. ಸೆವೆನ್ಸ್ ಒಲಿಂಪಿಕ್ ಆಟ, ಸರಿ. ತಾನಿರುವ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆಯಲ್ಲಿದೆ. ಅದೂ ನಮ್ಮ ಪರ.

ಆದರೆ ಮುಖ್ಯವಾದ ಮಾತು ಬೇರೆ. 2021ರ ಜನವರಿಯಲ್ಲಿ ತಿದ್ದಿದ ನಿಯಮದ ಪ್ರಕಾರ ಕಂಪನಿ ತನ್ನ ಮಾಲಿನ ಪ್ರಚಾರಕ್ಕಾಗಿ ಮಾಡುವ ಸ್ಪಾನ್ಸರ್‌ಶಿಪ್ ಸಿಎಸ್‌ಆರ್ ಅನ್ನಿಸಿಕೊಳ್ಳುವುದಿಲ್ಲ. ಅಂದರೆ "ಸಿಎಸ್‌ಆರ್ ದುಡ್ಡು ಕೊಡಿ, ಜರ್ಸಿ ಮೇಲೆ ನಿಮ್ಮ ಹೆಸರು ಹಾಕುತ್ತೇವೆ" ಅಂತ ಪತ್ರ ಬರೆದರೆ ಆ ಪತ್ರವೇ ನಿಮ್ಮ ಅರ್ಜಿಯನ್ನು ಕೆಡಿಸುತ್ತದೆ. ನಾನು ಬರೆದದ್ದು ಅಂಥದ್ದೇ ಪತ್ರ. ಸಿಎಸ್‌ಆರ್ ಕೇಳುವುದಾದರೆ ಮಕ್ಕಳ ತರಬೇತಿಗೆ ಕೇಳಿ, ಜರ್ಸಿ ಮಾತು ಎತ್ತಬೇಡಿ. ಪ್ರಚಾರಕ್ಕೆ ಕೇಳುವುದಾದರೆ ಅದೇ ಕಂಪನಿಯ ಮಾರ್ಕೆಟಿಂಗ್ ವಿಭಾಗಕ್ಕೆ ಹೋಗಿ. ಇವು ಎರಡು ಬೇರೆ ಬೇರೆ ಬಾಗಿಲು.

ಹೊರಗಿನ ಸಂಸ್ಥೆಯೊಂದು ಸಿಎಸ್‌ಆರ್ ದುಡ್ಡಲ್ಲಿ ಕೆಲಸ ಮಾಡಬೇಕಾದರೆ ಅದಕ್ಕೆ 12ಎ ಮತ್ತು 80ಜಿ ಅಂತ ಕರೆಯುವ ಆದಾಯ ತೆರಿಗೆ ಇಲಾಖೆಯ ನೋಂದಣಿ, ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿ ಪಡೆಯುವ ಸಿಎಸ್‌ಆರ್-1 ನಂಬರ್, 3 ವರ್ಷ ಕೆಲಸ ಮಾಡಿದ ದಾಖಲೆ ಎಲ್ಲಾ ಬೇಕು. ನಿನ್ನೆ ಮೊನ್ನೆ ಶುರುವಾದ ಕ್ಲಬ್‌ಗೆ ಇದು ಆಗದ ಮಾತು. ಅಷ್ಟು ದೂರ ಹೋಗುವ ಆಸೆ ಇದ್ದರೆ ಮೊದಲ ದಿನದಿಂದಲೇ ಹಾಜರಿ ಪುಸ್ತಕ, ಮಕ್ಕಳ ವಯಸ್ಸು, ಖರ್ಚಿನ ಬಿಲ್ಲು ಎಲ್ಲವನ್ನೂ ಎತ್ತಿಡಿ. ಮೂರು ವರ್ಷದ ಮೇಲೆ ಅದೇ ನಿಮ್ಮ ಅರ್ಜಿಯಾಗುತ್ತದೆ.

ಇದಕ್ಕೆ ಹೋಲಿಸಿದರೆ ಪೀಣ್ಯ, ರಾಜಾಜಿನಗರದ ಕಡೆಯ ಸಣ್ಣ ಕಾರ್ಖಾನೆಯವರು ನಮಗೆ ಎಷ್ಟೋ ವಾಸಿ. ಅವರಿಗೆ ಸಿಎಸ್‌ಆರ್ ಕಡ್ಡಾಯ ಇಲ್ಲ, ಆದರೆ ಮಾಲೀಕರೇ ಎದುರಿಗೆ ಕೂತಿರುತ್ತಾರೆ. ಆಗುತ್ತೆ, ಇಲ್ಲ ಅನ್ನುವುದು ಅವತ್ತೇ ಗೊತ್ತಾಗುತ್ತದೆ. ನಮಗೆ 40,000 ಕೊಡುವವರು ಅಂಥವರೇ. ಅವರ ಶೆಡ್ಡಿನ ಇಬ್ಬರು ಹುಡುಗರು ನಮ್ಮಲ್ಲಿ ಆಡುತ್ತಾರೆ. ಆ ಹುಡುಗರೇ ನಮ್ಮನ್ನು ಒಳಗೆ ಕರೆದುಕೊಂಡು ಹೋಗಿದ್ದು.

ಯಾರ ದುಡ್ಡು ಬೇಡ

ರಾಜಕಾರಣಿಗಳ ಹತ್ತಿರ ನಾವು ದುಡ್ಡು ಕೇಳುವುದಿಲ್ಲ. ಕೊಡುತ್ತಾರೆ, ಸುಳ್ಳಲ್ಲ. ಆದರೆ ಅವರ ಫೋಟೋ ಜರ್ಸಿ ಮೇಲೆ ಬಂದ ದಿನ ಬೇರೆ ಪಕ್ಷದ ಅಂಗಡಿಯವರು ದೂರ ಸರಿಯುತ್ತಾರೆ. ರಾಜಕಾರಣಿಗಳ ಹತ್ತಿರ ಮೈದಾನಕ್ಕೆ ಲೈಟು, ನಲ್ಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಕೇಳಿ. ಅದು ಎಲ್ಲರದ್ದೂ ಆಗುತ್ತದೆ.

ತಂಬಾಕಿನವರ ಸ್ಪಾನ್ಸರ್‌ಶಿಪ್ಪನ್ನು 2003ರ ಕಾಯ್ದೆಯೇ ತಡೆದಿದೆ. ಬೆಟ್ಟಿಂಗ್ ಆ್ಯಪ್‌ಗಳ ಮಾತೇ ಬೇಡ. ಇನ್ನು ಪಬ್. ರಗ್ಬಿ ಅಂದ ಕೂಡಲೇ ಬೆಂಗಳೂರಿನಲ್ಲಿ ಮೊದಲು ಕೈ ಎತ್ತುವವರು ಪಬ್‌ನವರೇ, ಒಳ್ಳೇ ಮೊತ್ತವನ್ನೂ ಹೇಳುತ್ತಾರೆ. ನಮ್ಮಲ್ಲಿ ಶಾಲೆ ಮಕ್ಕಳಿದ್ದಾರೆ. ಆ ಜರ್ಸಿ ಹಾಕಿಸಿ ಅವರನ್ನು ಮನೆಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಮಕ್ಕಳ ತಂದೆತಾಯಿ ನಂಬಿಕೆ ಒಂದು ಸಲ ಹೋದರೆ ಯಾವ ಸ್ಪಾನ್ಸರೂ ಅದನ್ನು ತಂದುಕೊಡಲಾರರು.

ಕಲ್ಕತ್ತಾದ ಒಂದು ಹಳೇ ಸಂಗತಿ ಇಲ್ಲಿ ನೆನಪಾಗುತ್ತದೆ. 1873ರಲ್ಲಿ ಅಲ್ಲಿನ ಬ್ರಿಟಿಷರು ರಗ್ಬಿ ಕ್ಲಬ್ ಕಟ್ಟಿದರು. ಸದಸ್ಯರಿಗೆ ಕುಡಿಯಲು ಪುಕ್ಕಟೆ ಇತ್ತು, ಅದು ನಿಂತ ಮೇಲೆ ಜನ ಕರಗಿದರು ಅನ್ನುತ್ತಾರೆ. ಪೋಲೊ, ಟೆನಿಸ್ ಕಡೆಗೂ ಸುಮಾರು ಜನ ಹೋದರು. ಕೊನೆಗೆ ಉಳಿದವರು ಬ್ಯಾಂಕಿನಲ್ಲಿದ್ದ ದುಡ್ಡನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಕೊಟ್ಟರು. ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಇವತ್ತಿಗೂ ಇಂಗ್ಲೆಂಡ್-ಸ್ಕಾಟ್ಲೆಂಡ್ ಅದಕ್ಕಾಗಿ ಆಡುತ್ತವೆ, ಹೆಸರು ಕಲ್ಕತ್ತಾ ಕಪ್. ಕಪ್ಪು ಉಳಿಯಿತು, ಕ್ಲಬ್ ಉಳಿಯಲಿಲ್ಲ.

ಹೆಸರು ಎಲ್ಲಿ ಹಾಕುವುದು?

ಎಲ್ಲರೂ ಜರ್ಸಿಯ ಎದೆ ಕೇಳುತ್ತಾರೆ. ರಗ್ಬಿಯಲ್ಲಿ ಎದೆಗಿಂತ ಬೆನ್ನು ಜಾಸ್ತಿ ಕಾಣುತ್ತದೆ. ಎರಡೂ ಟೀಮಿನವರು ಭುಜಕ್ಕೆ ಭುಜ ಕೊಟ್ಟು ತಳ್ಳಾಡುವ ಸ್ಕ್ರಮ್‌ನಲ್ಲಿ ಬಗ್ಗಿದಾಗ, ಟ್ಯಾಕಲ್‌ನಲ್ಲಿ ಬಿದ್ದಾಗ ಫೋಟೋಗೆ ಸಿಗುವುದು ಬೆನ್ನು. ಇದನ್ನು ನಾಲ್ಕು ಫೋಟೋ ತೋರಿಸಿ ಹೇಳಿದರೆ ಅವರೇ ಒಪ್ಪುತ್ತಾರೆ. ಅಂಟಿಸುವ ಸ್ಟಿಕ್ಕರ್ ಪ್ರಿಂಟ್ ಬೇಡ. ಜರ್ಸಿ ಹಿಡಿದು ಎಳೆಯುವ ಆಟದಲ್ಲಿ ಅದು ಬೇಗ ಕಿತ್ತುಬರುತ್ತದೆ, ಅರ್ಧ ಹೆಸರು ಉಳಿದ ಜರ್ಸಿ ನೋಡಿ ಸ್ಪಾನ್ಸರಿಗೆ ಬೇಜಾರಾಗುತ್ತದೆ. ಬಟ್ಟೆಯೊಳಗೇ ಬಣ್ಣ ಇಳಿಯುವ ಸಬ್ಲಿಮೇಷನ್ ಪ್ರಿಂಟ್ ಹಾಕಿಸಿ. ಆದರೆ ಅದನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಹಾಗಾಗಿ ಎರಡು-ಮೂರು ವರ್ಷಕ್ಕೆ ಒಪ್ಪಿದವರ ಹೆಸರು ಮಾತ್ರ ಮ್ಯಾಚ್ ಜರ್ಸಿಗೆ. ಒಂದು ವರ್ಷದವರದ್ದು ಅಭ್ಯಾಸದ ಟೀ ಶರ್ಟಿಗೆ.

ಸಣ್ಣ ಟೀಮಿಗೆ ಯಾಕೆ ಕೊಡಬೇಕು ಅಂತ ಕೇಳುವವರಿಗೆ ನಾನು ನಂದಿನಿ ಉದಾಹರಣೆ ಕೊಡುತ್ತೇನೆ. 2024ರ ಟಿ20 ವಿಶ್ವಕಪ್ಪಿನಲ್ಲಿ ನಮ್ಮ ಕೆಎಂಎಫ್ ಸ್ಪಾನ್ಸರ್ ಮಾಡಿದ್ದು ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳನ್ನು. ಇಡೀ ಕರ್ನಾಟಕ ಅದರ ಬಗ್ಗೆ ಮಾತಾಡಿತು, ಅಲ್ವಾ? ದೊಡ್ಡ ಟೀಮಿನ ಹತ್ತು ಹೆಸರಿನ ನಡುವೆ ಒಂದಾಗುವುದಕ್ಕಿಂತ ಸಣ್ಣ ಟೀಮಿನ ಬೆನ್ನ ಮೇಲೆ ಒಂದೇ ಹೆಸರಾಗುವುದು ಮೇಲು.

ರಸ್ತೆ ಬದಿ ಫ್ಲೆಕ್ಸ್ ಹಾಕಿಸಿ ಅಂತ ಅಂಗಡಿಯವರು ಒತ್ತಾಯ ಮಾಡಬಹುದು. ಒಪ್ಪಬೇಡಿ. ತೆರೆದ ಜಾಗಗಳ ಅಂದ ಕೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರಿಂದ ಕಾಯ್ದೆ ಇದೆ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಲ್ಲಿ ಫ್ಲೆಕ್ಸ್‌ಗಳನ್ನು ರಾತ್ರೋರಾತ್ರಿ ಇಳಿಸಿದ್ದು ನೆನಪಿರಬಹುದು. ಮೈದಾನದ ಒಳಗೆ, ಮೈದಾನದವರ ಒಪ್ಪಿಗೆ ಪತ್ರ ತೆಗೆದುಕೊಂಡು, ಬಟ್ಟೆಯ ಬ್ಯಾನರ್ ಕಟ್ಟಿ. ಮ್ಯಾಚ್ ಮುಗಿದ ಮೇಲೆ ಬಿಚ್ಚಿ ಮಡಚಿಡಿ, ಮುಂದಿನ ಸಲಕ್ಕೂ ಬರುತ್ತದೆ.

ಕಾಗದ ಪತ್ರ, ತೆರಿಗೆ

ಒಬ್ಬರ ಸ್ವಂತ ಯುಪಿಐಗೆ ದುಡ್ಡು ಹಾಕಿಸಿಕೊಳ್ಳಬೇಡಿ. ಜಗಳ ಶುರುವಾಗುವುದೇ ಅಲ್ಲಿಂದ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ 7 ಜನ ಸೇರಿ ಸಂಘ ನೋಂದಾಯಿಸಬಹುದು. ಆಮೇಲೆ ಸಂಘದ ಪ್ಯಾನ್, ಬ್ಯಾಂಕ್ ಖಾತೆ, ಇಬ್ಬರ ಸಹಿ. ಅಷ್ಟಾದರೆ ಅಂಗಡಿಯವರು ಕೂತು ಮಾತಾಡುತ್ತಾರೆ.

80ಜಿ ಇದ್ದರೇನೇ ಸ್ಪಾನ್ಸರ್ ಸಿಗುವುದು ಅನ್ನುವವರಿದ್ದಾರೆ. ಅದು ಪೂರ್ತಿ ನಿಜ ಅಲ್ಲ. 80ಜಿ ಅಂತ ಎಲ್ಲರೂ ಕರೆಯುವ ರಿಯಾಯಿತಿ ದೇಣಿಗೆಗೆ ಮಾತ್ರ. ಹೆಸರು ಹಾಕಿಸಿಕೊಂಡರೆ ಅದು ದೇಣಿಗೆ ಅಲ್ಲ, ಜಾಹೀರಾತು. ಹೊಸ ತೆರಿಗೆ ಪದ್ಧತಿಯಲ್ಲಿರುವ ಅಂಗಡಿ ಮಾಲೀಕರಿಗೆ ದೇಣಿಗೆಯ ಆ ರಿಯಾಯಿತಿ ಸಿಗುವುದೂ ಇಲ್ಲ. ಆದರೆ ಜಾಹೀರಾತಿನ ಖರ್ಚನ್ನು ವ್ಯಾಪಾರದ ಖರ್ಚು ಅಂತ ಯಾವ ಪದ್ಧತಿಯಲ್ಲಾದರೂ ತೋರಿಸಬಹುದು. ಹಾಗಾಗಿ ಲೆಕ್ಕಪತ್ರ ಇಡುವವರಿಗೆ "ಜರ್ಸಿ ಮೇಲೆ ಜಾಹೀರಾತು" ಅಂತ ಬರೆದ ಬಿಲ್ಲು ಕೊಡಿ. 10,000 ದಾಟಿದರೆ ನಗದು ಬೇಡ, ಬ್ಯಾಂಕಿನ ಮೂಲಕವೇ ಬರಲಿ. ಇಲ್ಲದಿದ್ದರೆ ಅವರು ಅದನ್ನು ಖರ್ಚಿಗೆ ಹಾಕಲು ಆಗುವುದಿಲ್ಲ. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುವ ಸಣ್ಣ ಅಂಗಡಿಯವರಿಗೆ ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಅವರ ಹತ್ತಿರ ತೆರಿಗೆ ಮಾತೇ ಬೇಡ, ಗಿರಾಕಿಯ ಮಾತಾಡಿ.

ಒಪ್ಪಂದ ಒಂದೇ ಪುಟ, ಕನ್ನಡದಲ್ಲಿ. ಯಾರು, ಎಷ್ಟು, ಯಾವ ತಾರೀಕಿಗೆ, ಹೆಸರು ಎಲ್ಲಿ, ಎಷ್ಟು ತಿಂಗಳು, ನಡುವೆ ಬಿಟ್ಟರೆ ಏನು. ದುಡ್ಡು ಪೂರ್ತಿ ಬರುವ ತನಕ ಪ್ರಿಂಟಿಗೆ ಕೊಡಬೇಡಿ. ಜಿಮ್‌ನವರ ಜೊತೆ ಇಷ್ಟು ಬರೆದುಕೊಂಡಿದ್ದರೆ ಆ ಇಬ್ಬರು ಹುಡುಗರು ರೈಲು ಹತ್ತುತ್ತಿದ್ದರು.

ಯಾವಾಗ ಹೋಗಬೇಕು, ಮತ್ತೆ ಯಾವಾಗ

ಗಣೇಶ ಹಬ್ಬದ ಮುಂಚೆ ಮತ್ತು ನವೆಂಬರ್‌ನಲ್ಲಿ ಹೋಗಬೇಡಿ, ಚಂದಾದವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಶೂ, ಸ್ಟೇಷನರಿ ಅಂಗಡಿಯವರಿಗೆ ಶಾಲೆ ತೆರೆಯುವ ಹೊತ್ತು ಒಳ್ಳೇ ವ್ಯಾಪಾರ, ಅದು ಮುಗಿದ ಜುಲೈ ಸರಿ. ಕಂಪನಿಯವರ ಹತ್ತಿರ ಜನವರಿ-ಫೆಬ್ರವರಿಯಲ್ಲಿ ಮಾತು ಶುರು ಮಾಡಿ, ಏಪ್ರಿಲ್‌ನಿಂದ ಅವರ ಹೊಸ ಲೆಕ್ಕ. ಹೋಟೆಲಿನವರಿಗೆ ತಿಂಗಳಿಗಿಂತ ಗಂಟೆ ಮುಖ್ಯ: 11 ಅಥವಾ ಮಧ್ಯಾಹ್ನ 4.

ದುಡ್ಡು ಕೊಟ್ಟವರ ಹತ್ತಿರ ಬರೀ ಮುಂದಿನ ವರ್ಷ ಕೇಳುವುದಕ್ಕೇ ಹೋಗಬಾರದು. ನಾವು ತಿಂಗಳಿಗೊಂದು ಸಲ ವಾಟ್ಸ್ಯಾಪಿನಲ್ಲಿ ಎರಡು ಫೋಟೋ, ಒಂದು ಸಾಲಿನ ಸುದ್ದಿ ಕಳಿಸುತ್ತೇವೆ. ಸೋತ ಸುದ್ದಿಯನ್ನೂ ಕಳಿಸುತ್ತೇವೆ. ಸೀಸನ್ ಮುಗಿದ ಮೇಲೆ ಅವರ ದುಡ್ಡು ಯಾವುದಕ್ಕೆ ಹೋಯಿತು ಅಂತ ಬಿಲ್ಲಿನ ಜೆರಾಕ್ಸ್ ಸಮೇತ ಅರ್ಧ ಪುಟದ ಲೆಕ್ಕ ಒಪ್ಪಿಸುತ್ತೇವೆ. ಜೊತೆಗೆ ಅವರ ಹೆಸರು ಕಾಣುವ ಟೀಮ್ ಫೋಟೋ, ಫ್ರೇಮ್ ಹಾಕಿಸಿ, ಎಲ್ಲಾ ಆಟಗಾರರ ಸಹಿ ಮಾಡಿಸಿ ಕೊಡುತ್ತೇವೆ. ಆ ದರ್ಶಿನಿಯಲ್ಲಿ ಈಗ ಗಲ್ಲಾ ಹಿಂದೆ, ರಾಘವೇಂದ್ರ ಸ್ವಾಮಿ ಫೋಟೋ ಪಕ್ಕ, ಅಂಥವು ಐದು ಸಾಲಾಗಿ ತೂಗುತ್ತಿವೆ. ಒಂದು ಫ್ರೇಮಿಗೆ 350 ರೂಪಾಯಿ. ಖರ್ಚಿನ ಪಟ್ಟಿ ಬರೆಯುವಾಗ ಅದನ್ನೂ ಸೇರಿಸಿಕೊಳ್ಳಿ.